ಮನಿ ನೋಡಾಕ ಬಂದೀವ್ರಿ

"ಯಾರ್ ಬೇಕಾಗಿತ್ತು?"

ಬಾಗಿಲಿಗೆ ಅಡ್ಡ ನಿಂತವನ ಕೈಯಲ್ಲಿ ಕುಡುಗೋಲಿತ್ತು. ಆಗಷ್ಟೇ ಹೊಲದಿಂದ ಬಂದಿದ್ದ. ತೋಳಿನ ಮೇಲೆಲ್ಲ ಜೋಳದ ಗರಿಯ ಗೀರು. ಮುಖದಲ್ಲಿ ನಗುವಿನ ಸುಳಿವಿಲ್ಲ.

ಕಳಕವ್ವನ ಎದೆ ಡವಡವ ಹೊಡೆದುಕೊಂಡಿತು. ಅವನನ್ನು ನೋಡಿ ಅಲ್ಲ. ಅವನ ಹೆಗಲಾಚೆ ಕಾಣುತ್ತಿದ್ದ ಮನೆಯನ್ನು ನೋಡಿ.

ಅದೇ ಮನೆ... ಅದೇ ದಪ್ಪ ಹೊಸ್ತಿಲು. ಬಲಕ್ಕೆ ಎತ್ತು ಮೇಯುವ ಗ್ವಾದಲಿ, ಎಡಕ್ಕೆ ಮೆಟ್ಟಿಲೇರಿದರೆ ಪಡಸಾಲಿ, ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ದುಂಡನೆಯ ಬಿಸಿಲು. 'ಒಂಬತ್ತು ಅಂಕಣದ ಮನೆ' ಕಾದಂಬರಿಯ ಮೊದಲ ಪುಟವೇ ಎದುರಿಗೆ ಬಂದು ನಿಂತ ಹಾಗಿತ್ತು.

ಆ ಪುಸ್ತಕವನ್ನು ಎಷ್ಟು ಸಲ ಓದಿದ್ದಳೋ ಅವಳಿಗೇ ಲೆಕ್ಕವಿಲ್ಲ. ತಾಯಿ ತೀರಿಕೊಂಡ ವರ್ಷ ಬೆಟಗೇರಿಯ ವಾಚನಾಲಯದಲ್ಲಿ ಕೈಗೆ ಸಿಕ್ಕಿತ್ತು. ಅದರಲ್ಲಿ ಚಿನ್ನವ್ವ ಅನ್ನುವ ಸೊಸೆ ಅತ್ತೆಯ ಕಾಟಕ್ಕೆ ಹಿತ್ತಲ ಬಾವಿಯ ಪಾಲಾಗುತ್ತಾಳೆ. ತಾಯಿಗಾಗಿ ಅಳಲಾರದ್ದನ್ನೆಲ್ಲ ಕಳಕವ್ವ ಚಿನ್ನವ್ವನ ಹೆಸರಲ್ಲಿ ಅತ್ತು ಮುಗಿಸಿದ್ದಳು.

ಈಗ ಎಪ್ಪತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದ ಹೊತ್ತು. ಕಳಕವ್ವ ಬೆಟಗೇರಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಕಾದಂಬರಿ ಬರೆದವರು ಹಿಂದೊಮ್ಮೆ ಈ ಅಂತೂರ ಬೆಂತೂರ ಹಳ್ಳಿಯಲ್ಲಿ ಮಾಸ್ತರರಾಗಿದ್ದರು, ಪುಸ್ತಕದ ಮನೆ ಅವರು ಬಾಡಿಗೆಗಿದ್ದ ಮನೆಯೇ ಅಂತ ಶಾಲೆಯ ಹಿರಿಯ ಅಕ್ಕೋರು ವಿಮಲಾಬಾಯಿ ಹೇಳಿದ ಮೇಲೆ ಹುಡುಗಿಗೆ ನಿದ್ದೆಯಿಲ್ಲ. ಭಾನುವಾರ ಬರುತ್ತಲೇ ಅವರನ್ನೂ ಎಳೆದುಕೊಂಡು ಬಸ್ಸು ಹತ್ತಿದ್ದಳು. ಚೀಲದಲ್ಲಿ ಒಂದು ಸೇವಂತಿಗೆ ದಂಡೆ. ಚಿನ್ನವ್ವನ ಬಾವಿಗೆ ಹಾಕಲು.

"ಯಾರ್ ಬೇಕಾಗಿತ್ತು ಅಂತ ಕೇಳಿದೆ." ಅವನ ಧ್ವನಿ ಗಡುಸಾಯಿತು.

ಕಳಕವ್ವ ತಡವರಿಸಿದಳು. "ಯಾರೂ ಬ್ಯಾಡ್ರಿ... ಮನಿ ನೋಡಾಕ ಬಂದೀವ್ರಿ."

ಕುಡುಗೋಲು ಕೈಜಾರಿ ಹೊಸ್ತಿಲ ಮೇಲೆ ಬಿತ್ತು.

ಈ ಕಡೆಯ ಊರುಗಳಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಹುಡುಗ ಒಪ್ಪಿಗೆಯಾದರೆ ಹೆಣ್ಣಿನ ಕಡೆಯವರು ಅವನ ಮನೆಗೆ ಬಂದು ಕಾಳು ಕಡಿ, ಎತ್ತು ಎಮ್ಮೆ, ಅತ್ತೆ ಮಾವ ಎಲ್ಲ ನೋಡಿ ಹೋಗುತ್ತಾರೆ. ಅದಕ್ಕೇ ಮನಿ ನೋಡುವುದು ಅನ್ನುವುದು. ಕಳಕವ್ವನಿಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ತಲೆ ತುಂಬ ಪುಸ್ತಕ ತುಂಬಿಕೊಂಡವರಿಗೆ ಬಾಯಿಂದ ಏನು ಬಂತು ಅನ್ನುವ ಖಬರು ಇರುವುದಿಲ್ಲ. ವಿಮಲಾಬಾಯಿ ತಡೆಯಬಹುದಿತ್ತು. ಅವರು ಇನ್ನೂ ಓಣಿಯ ತಿರುವಿನಲ್ಲಿ ಕಾಲಿನ ಮುಳ್ಳು ಕೀಳುತ್ತ ನಿಂತಿದ್ದರು.

ಸಾಲದ್ದಕ್ಕೆ ಅದೇ ವಾರ ಮುಂಡರಗಿಯ ಒಂದು ಹೆಣ್ಣಿನ ಕಡೆಯವರು ಮನಿ ನೋಡಲು ಬರುವ ಮಾತಿತ್ತು. ಸಂಬಂಧ ಕುದುರಿಸುವ ಯಮನೂರಪ್ಪ ಹಾಗಂತ ಹೇಳಿಹೋಗಿದ್ದ.

"ಯಾರಲೇ ಸಕ್ರಾ?" ಒಳಗಿನಿಂದ ಹೆಂಗಸಿನ ದನಿ.

"ಯವ್ವಾ... ಮನಿ ನೋಡಾಕ ಬಂದಾರ." ಸಕ್ರಪ್ಪನ ದನಿ ಒಮ್ಮೆಗೇ ಮೆತ್ತಗಾಗಿತ್ತು.

ಅವನ ತಾಯಿ ಮುದುಕವ್ವ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು. ಕಳಕವ್ವನ ತಾಳಿಯಿಲ್ಲದ ಕೊರಳು, ಉಂಗುರವಿಲ್ಲದ ಕಾಲ್ಬೆರಳು ಎಲ್ಲವನ್ನೂ ಒಂದೇ ನೋಟಕ್ಕೆ ನೋಡಿ ಮುಗಿಸಿದಳು.

"ಹುಡುಗಿನ್ನೂ ಕರ್ಕೊಂಡ ಬಂದಾರಲ್ಲೋ... ಆಗಲೇಳು, ಕಾಲ ಬದಲಾಗೇತಿ. ಬರ್ರಿ ಒಳಗ, ಕುಂಡ್ರಿ."

ಹಿಂದಿನಿಂದ ಕುಂಟುತ್ತ ಬಂದ ವಿಮಲಾಬಾಯಿಗೂ ಸೇರಿಸಿ ಜಮಖಾನೆ ಹಾಸಿದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು, ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟರು. ಮನೆಯ ಯಜಮಾನ ಪುಂಡಲೀಕಪ್ಪ ಒಂದು ಮೂಲೆಯಲ್ಲಿ ಅಡಕೆ ಕತ್ತರಿಸುತ್ತ ಸುಮ್ಮನೆ ಕುಳಿತ. ಸಕ್ರಪ್ಪ ಮುಖ ತೊಳೆದು, ಬಿಳಿ ಅಂಗಿ ತೊಟ್ಟು, ಕಂಬಕ್ಕೊರಗಿ ನಿಂತ.

'ಹಳ್ಳ್ಯಾಗ ಬಂದಾವ್ರಿಗೆ ಎಷ್ಟ ಮರ್ಯಾದಿ ಕೊಡ್ತಾರ...' ಅಂದುಕೊಂಡಳು ಕಳಕವ್ವ.

"ಯಾವ ಬೆಡಗು ಯವ್ವಾ ನಿಮ್ಮದು?" ಅಂತ ಮುದುಕವ್ವ ಕುಲದ ಹೆಸರು ಕೇಳಿದಳು. ಕಳಕವ್ವ ಹೇಳಿದಳು.

"ಬ್ಯಾರೆ ಬೆಡಗು. ನಡೀತೈತಿ," ಅಂತ ಮುದುಕವ್ವ ಗಂಡನ ಕಡೆ ನೋಡಿದಳು. ಏನು ನಡೆಯುತ್ತದೆ ಅಂತ ಕಳಕವ್ವ ಕೇಳಲಿಲ್ಲ. ಅವಳ ಕಣ್ಣು ಮೂಲೆಯ ಬೀಸುವ ಕಲ್ಲಿನ ಮೇಲಿತ್ತು. ಚಿನ್ನವ್ವ ಹಾಡು ಹೇಳಿಕೊಂಡು ಬೀಸುತ್ತಿದ್ದ ಕಲ್ಲು... ಅವಳು ಎದ್ದು ಹೋಗಿ ಅದನ್ನು ಮುಟ್ಟಿದಳು. ಕಣ್ಣು ತುಂಬಿ ಬಂತು.

ಮುದುಕವ್ವ ಗಾಬರಿಯಾದಳು. "ಅಳಬ್ಯಾಡ ತಂಗಿ, ಊರಿಗೆ ಗಿರಣಿ ಬಂದೈತಿ. ಈಗ ಯಾರೂ ಬೀಸೂದಿಲ್ಲ."

ಕಂಬಕ್ಕೊರಗಿದ್ದ ಸಕ್ರಪ್ಪನ ತುಟಿಯಲ್ಲಿ ಮೊದಲ ಸಲ ನಗು ಮೂಡಿತು. ಕಳಕವ್ವ ಅದನ್ನು ನೋಡಿದಳು. ನೋಡಿ ಯಾಕೋ ತಲೆ ತಗ್ಗಿಸಿದಳು. ಹಾಗೇ ಕೇಳಿಬಿಟ್ಟಳು.

"ಬಾವಿ ಎಲ್ಲೈತ್ರಿ?"

ಅಡಕೊತ್ತಿನ ಸದ್ದು ನಿಂತಿತು.

"ಬಾವಿ ಯಾಕ ಬೇಕು?" ಸಕ್ರಪ್ಪ ಕಂಬ ಬಿಟ್ಟು ಮುಂದೆ ಬಂದ.

"ಹೂವ ಹಾಕಾಕ್ರಿ... ಚಿನ್ನವ್ವಗ."

"ಪುಸ್ತಕ ಓದಿ ಬಂದೀರಿ?"

"ಹೌದ್ರಿ. ಅದಕ್ಕ ಮನಿ ನೋಡಾಕ..." ಅಷ್ಟು ಅನ್ನುವಾಗ ಅವಳಿಗೇ ತನ್ನ ಮಾತು ಕೇಳಿಸಿತು. ಜಮಖಾನೆ, ಬೆಲ್ಲ, ಬಿಳಿ ಅಂಗಿ ಎಲ್ಲ ಒಟ್ಟಿಗೇ ಅರ್ಥವಾಯಿತು.

ವಿಮಲಾಬಾಯಿ ಹಣೆ ಹಣೆ ಬಡಿದುಕೊಂಡರು. "ಅಯ್ಯ ಕಳಕಾ, ಹಂಗ ಹೇಳಿಯೇನ ನೀ? ನಾ ಮಂಡಕ್ಕಿ ತಿಂದಕೋತ ಕೂತೀನಲ್ಲ..."

"ತಿನ್ರಿ, ತಿನ್ರಿ. ತಮಾಷಾ ನೋಡಾಕ ಬಂದಾವ್ರು ಹೊಟ್ಟಿ ತುಂಬ ತಿನ್ರಿ," ಅಂದ ಸಕ್ರಪ್ಪ. ಕುತ್ತಿಗೆಯ ನರ ಉಬ್ಬಿತ್ತು. "ಶಿರಹಟ್ಟಿಯವ್ರು ಬಂದ್ರು, ಲಕ್ಷ್ಮೇಶ್ವರದವ್ರು ಬಂದ್ರು. ಎತ್ತು ನೋಡಿದ್ರು, ಹೊಲ ನೋಡಿದ್ರು, ಎಲ್ಲಾ ಚಲೋ ಐತಿ ಅಂದ್ರು. ಆಮ್ಯಾಲೆ ಬಾವ್ಯಾಗ ಹಣಿಕಿ ಹಾಕಿ, ಸೊಸಿ ಬಿದ್ದ ಬಾವಿ ಇದ ಏನು ಅಂತ ಕೇಳಿದ್ರು. ಹೋದಾವ್ರು ಹೊಳ್ಳಿ ಬರಲಿಲ್ಲ. ನಿಮ್ಮ ಪುಸ್ತಕ ನಮ್ಮ ಮನಿ ಬಾಗಲಾ ಮುಚ್ಚೇತಿ. ನಡೀರಿ ಹೊರಗ."

"ಸಕ್ರಾ, ಬಾಯಿ ಮುಚ್ಚು," ಅಂದಳು ಮುದುಕವ್ವ. ಆಮೇಲೆ ಕಳಕವ್ವನ ಮುಂದೆ ಬಂದು ನಿಂತಳು. "ಹೂವ ಯಾರಿಗೆ ತಂದಿ ಅಂದಿ?"

"ಚಿನ್ನವ್ವಗರಿ..."

"ಕೊಡು ಇಲ್ಲೆ."

ದಂಡೆ ಇಸಿದುಕೊಂಡು ತನ್ನ ತುರುಬಿಗೆ ಮುಡಿದಳು. "ನಾನ ಆಕಿ. ಮಾಸ್ತರ ನನ್ನ ನೋಡೇ ಬರದಾನ."

ಯಾರ ಸಾವಿಗೆ ಇಷ್ಟು ವರ್ಷ ಅತ್ತಿದ್ದಳೋ ಅವಳು ತಲೆತುಂಬ ಹೂ ಮುಡಿದು, ಕೈಯಲ್ಲಿ ಮಂಡಕ್ಕಿ ಬುಟ್ಟಿ ಹಿಡಿದು ನಿಂತಿದ್ದಳು.

"ಮತ್ತ ಬಾವಿ...?"

"ಇಳಿದದ್ದು ಖರೆ. ನನ್ನ ತವರಿನ ತಾಮ್ರದ ಕೊಡ ಬಿದ್ದಿತ್ತು. ಪಾತಾಳಗರಡಿ ಹಾಕಿ ತಗಸೂಣು ತಡಿ ಅಂದ್ಲು ನಮ್ಮತ್ತಿ. ನಾ ಕೇಳಬೇಕಲ್ಲ? ಅವತ್ತು ಇಬ್ಬರೂ ಜಗಳಾಡಿದ್ವಿ. ಸಿಟ್ಟಿನ್ಯಾಗ ನಾನ ಇಳದೆ. ಕಾಲು ಜಾರ್ತು. ಮ್ಯಾಲೆ ಹಗ್ಗ ಹಿಡಿದಾಕಿ ನಮ್ಮತ್ತಿ. ಅಂಗೈ ಸುಲಿದು ರಕ್ತ ಸುರೀತು, ಆಕಿ ಬಿಡಲಿಲ್ಲ. ತೊಟ್ಟಿಲಾಗಿನ ಕೂಸು ಕೂಗಾಕ ಹತ್ತೇತಿ, ಏರಿ ಬಾ ಹುಚ್ಚಿ ಅಂತ ಬೈಕೋತ ಎಳದ್ಲು." ತೊಟ್ಟಿಲ ಕೂಸು ಅಂತ ಎದುರಿಗೆ ನಿಂತ ಸಕ್ರಪ್ಪನನ್ನು ತೋರಿಸಿದಳು. "ಮಾಸ್ತರ ಎಲ್ಲಾ ನೋಡ್ಯಾನ. ಕಥಿಗೆ ಒಬ್ಬರು ಸಾಯಬೇಕಿತ್ತು, ನನ್ನ ಸಾಯಿಸಿದ. ಅದಕ್ಕ ನಂಗ ಸಿಟ್ಟಿಲ್ಲವ್ವ. ಹಗ್ಗ ಹಿಡಿದಾಕಿನ್ನ ಹಗ್ಗ ಬಿಟ್ಟಾಕಿ ಅಂತ ಬರದ್ನಲ್ಲ... ನಮ್ಮತ್ತಿ ಅದನ್ನ ಕೇಳಿಕೋತನ ಸತ್ಲು."

ಬಾವಿ ನೋಡದೆಯೇ ಕಳಕವ್ವ ಅಂದು ಬಸ್ಸು ಹತ್ತಿದಳು. ಕಣ್ಣೀರು ನಿಲ್ಲಲಿಲ್ಲ. 'ಎಂಥ ಕೆಲಸ ಮಾಡಿದೆ ನಾನು...'

* * *

ಮಾಡಿದ್ದು ಅಷ್ಟಕ್ಕೇ ಮುಗಿಯಲಿಲ್ಲ. ಬೆಟಗೇರಿಯ ಅಕ್ಕೋರು ಮನಿ ನೋಡಲು ಬಂದು ಅಳುತ್ತ ಹೋದಳಂತೆ ಅನ್ನುವ ಸುದ್ದಿ ಊರೂರು ತಿರುಗಿ ಮುಂಡರಗಿಗೂ ಮುಟ್ಟಿತು. ಅವರು ಬರುವುದನ್ನು ಕೈಬಿಟ್ಟರು. ಹತ್ತಿ ಮಾರಲು ಬೆಟಗೇರಿಗೆ ಅಂಟಿಕೊಂಡ ಗದಗಿಗೆ ಬಂದ ಸಕ್ರಪ್ಪ ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತಿದ್ದ.

"ಅಕ್ಕೋರ, ನಿಮ್ಮಿಂದ ಮುಂಡರಗಿಯವ್ರೂ ಹೋದ್ರು. ಖಬರ ಐತೇನು?"

ಅವಳ ಮುಖ ಬಿಳಿಚಿಕೊಂಡಿತು. "ನಾನ ಹೋಗಿ ಹೇಳ್ತೀನ್ರಿ ಅವ್ರಿಗೆ. ನಂದ ತಪ್ಪು ಅಂತ..."

"ಬ್ಯಾಡ. ನೀವು ಬಾಯಿ ತಗದ್ರ ಇನ್ನೊಂದ ಅನಾಹುತ ಆಕ್ಕೈತಿ."

ಅವಳಿಗೆ ಅಳು ಬರಬೇಕಿತ್ತು. ನಗು ಬಂತು. ಅವನೂ ಎತ್ತಲೋ ನೋಡಿ ನಗು ನುಂಗಿದ.

"ಒಂದ ಕೇಳಾಕ ಬಂದೀನಿ," ಅಂದ. "ಆ ಪುಸ್ತಕದಾಗ ನಮ್ಮ ಅಜ್ಜಿ ಬಗ್ಗೆ ಏನೇನ ಬರದಾನ ಅನ್ನೂದು ನಂಗ ಪೂರಾ ತಿಳೀಬೇಕು. ಓದಿ ಹೇಳ್ತೀರಿ?"

"ನಿಮಗ ಓದಾಕ ಬರ್ತೈತಲ್ರಿ?"

"ಏಳನೇತ್ತಾ ಪಾಸ್ ಆಗೇನಿ. ಆದ್ರ ಆ ಪುಸ್ತಕ ಕೈಲೆ ಮುಟ್ಟೂದಿಲ್ಲ ಅಂತ ಅಜ್ಜಿಗೆ ಮಾತು ಕೊಟ್ಟೀನಿ. ಕಿವಿಲೆ ಕೇಳೂದಿಲ್ಲ ಅಂತ ಕೊಟ್ಟಿಲ್ಲ."

ಹೀಗೆ ಶನಿವಾರಗಳ ಓದು ಶುರುವಾಯಿತು. ಗದಗಿನ ವೀರನಾರಾಯಣ ಗುಡಿಯ ಹತ್ತಿರ ವಿಮಲಾಬಾಯಿಯ ಮನೆ. ಪಡಸಾಲೆಯ ಒಂದು ಕಡೆ ಅವಳು, ಇನ್ನೊಂದು ಕಡೆ ಅವನು, ನಡುವೆ ಹೂಬತ್ತಿ ಹೊಸೆಯುತ್ತ ವಿಮಲಾಬಾಯಿ.

"ನಾ ಬತ್ತಿ ಮಾಡ್ಲಿಕ್ಕೆ ಕೂತಿಲ್ಲ, ಕಾವಲಿಗೆ ಕೂತೀನಿ. ತಿಳೀತೇನು ಇಬ್ಬರಿಗೂ?" ಅಂತ ಅವರು ಮೊದಲ ದಿನವೇ ಹೇಳಿಬಿಟ್ಟರು.

ಅವಳು ಓದುವಳು. ಅವನು ನಡುನಡುವೆ ತಡೆಯುವನು.

"ನಿಲ್ರಿ. ಅಜ್ಜಿ ಹಂಗ ಮಾತಾಡ್ತಿದ್ದಿಲ್ಲ. ಎಷ್ಟ ಸಿಟ್ಟು ಬಂದ್ರೂ 'ನಿನ್ನ ಬಾಯಾಗ ಸಕ್ಕರಿ ಹಾಕ' ಅಂತಿದ್ಲು. ಅದ ಆಕಿ ಬೈಗಳ."

"ಸಕ್ರಪ್ಪ ಅಂತ ಹೆಸರ ಅದಕ್ಕ ಇಟ್ಟಾರೇನ್ರಿ?"

"ಇರಬೇಕು. ದಿನಾ ಬೈಲಿಕ್ಕೆ ಹಗೂರ ಆಗಲಿ ಅಂತ."

ಒಂದು ಶನಿವಾರ ಚಿನ್ನವ್ವನ ಅತ್ತೆ ನಸುಕಿನಲ್ಲಿ ಬೀಸುತ್ತ ಹಾಡುವ ಪುಟ ಬಂತು. ಗಂಡನಿಲ್ಲದ ಹೆಂಗಸು, ಒಂದು ಕೈಯಲ್ಲಿ ಕಲ್ಲು ತಿರುವುತ್ತ, ಇನ್ನೊಂದರಲ್ಲಿ ಮೊಮ್ಮಗನ ತೊಟ್ಟಿಲ ಹಗ್ಗ ಜಗ್ಗುತ್ತ ಹಾಡುತ್ತಾಳೆ. ಸಕ್ರಪ್ಪ ತಡೆಯಲಿಲ್ಲ. ಅವಳು ತಲೆಯೆತ್ತಿ ನೋಡಿದರೆ ಅವನು ಟಾವೆಲಿನಿಂದ ಮುಖ ಒರೆಸುತ್ತಿದ್ದ.

"ಇದ ಖರೆ ಐತಿ," ಅಂದ ಕಡೆಗೆ. "ಇದೊಂದನ್ನ ಮಾಸ್ತರ ಖರೆ ಬರದಾನ. ಇನ್ನೊಮ್ಮೆ ಓದ್ರಿ."

ಅವಳು ಇನ್ನೊಮ್ಮೆ ಓದಿದಳು. ಓದುತ್ತ ಅವಳಿಗೆ ಚಿನ್ನವ್ವ ನೆನಪಾಗಲಿಲ್ಲ. ಬಾಯಲ್ಲಿ ಸಕ್ಕರೆ ಹಾಕುವ ಮುದುಕಿ, ಸಿಟ್ಟಿನಲ್ಲಿ ಬಾವಿಗಿಳಿದ ಸೊಸೆ, ತೊಟ್ಟಿಲಲ್ಲಿ ಕೂಗುವ ಕೂಸು... ಪುಸ್ತಕದ ಮನೆ ಹಿಂದೆ ಸರಿದು ಇನ್ನೊಂದು ಮನೆ ಎದ್ದು ನಿಂತಿತ್ತು. ಶನಿವಾರ ಬಂತೆಂದರೆ ಅವಳು ಎರಡು ಸಲ ಹೆರಳು ಹಾಕಿಕೊಳ್ಳುತ್ತಿದ್ದಳು. ಅವನು ಬರುವಾಗ ಟಾವೆಲಿನ ಗಂಟಿನಲ್ಲಿ ಹಸಿ ಕಡಲೆ ತರುತ್ತಿದ್ದ, ಹೊಲದಲ್ಲಿ ಸುಟ್ಟ ಎಳೆ ಜೋಳದ ಸೀತನಿ ತರುತ್ತಿದ್ದ. ವಿಮಲಾಬಾಯಿಯ ಕೈಗೆ ಕೊಟ್ಟು ಅವಳನ್ನು ನೋಡುತ್ತಿದ್ದ.

ಕೊನೆಯ ಅಧ್ಯಾಯ ಬಂತು. ಚಿನ್ನವ್ವ ಬಾವಿಯ ಕಟ್ಟೆಗೆ ಬಂದು ನಿಂತಲ್ಲಿಗೆ ಕಳಕವ್ವನ ದನಿ ಒಡೆಯಿತು.

"ಇಲ್ಲೇ ನಿಲ್ಲಸ್ರಿ," ಅಂದ ಸಕ್ರಪ್ಪ. "ಮುಂದಿಂದು ನಮ್ಮ ಮನ್ಯಾಗ ಬ್ಯಾರೆ ಆಗೇತಿ."

ಅವಳು ಪುಸ್ತಕ ಮುಚ್ಚಿದಳು. ಅವನು ಏಳಲಿಲ್ಲ.

"ಅಕ್ಕೋರ... ಈ ಪುಸ್ತಕ ಇಲ್ಲಾಂದ್ರ, ನಮ್ಮ ಮನಿ ನಿಮಗ ಏನು?"

ಅವಳಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. "ಪುಸ್ತಕ ಇಲ್ಲಾಂದ್ರ ನಾ ಬರ್ತಾನ ಇರಲಿಲ್ಲಲ್ರಿ."

ಅವನು ಟಾವೆಲು ಹೆಗಲಿಗೆ ಹಾಕಿಕೊಂಡ. "ಆತು ಬಿಡ್ರಿ," ಅಂದು ಚಪ್ಪಲಿ ಮೆಟ್ಟಿ ಹೊರಟೇ ಹೋದ.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

"ಅವ ಏನ್ ಕೇಳಿದ, ನೀ ಏನ್ ಹೇಳಿದಿ?" ಅಂತ ವಿಮಲಾಬಾಯಿ ತಡೆಯಲಾರದೆ ರೇಗಿದರು. "ನನಗೂ ಕಣ್ಣ ಕಾಣ್ತಾವ, ಕಿವಿ ಕೇಳ್ತಾವ. ಪುಸ್ತಕದಾಗಿನ ಮಂದಿ ಮನಸ್ಸು ತಿಳೀತದ, ಎದುರಿಗೆ ಕೂತಾವಂದು ತಿಳಿಯೂದಿಲ್ಲ ನಿನಗ. ಏನ್ ಟೀಚರ್ ಅದಿ ನೀ?"

ಒಂದು ತಪ್ಪು ಮಾತಿನಿಂದ ಆ ಮನೆಯ ಬಾಗಿಲು ತೆರೆದಿತ್ತು. ಒಂದು ಸರಿಯಾದ ಮಾತಿನಿಂದ ಮುಚ್ಚಿಕೊಂಡಿತ್ತು.

* * *

ಕಳಕವ್ವನ ಅಪ್ಪ ಹೊಳೆಯಪ್ಪ ಹತ್ತಿ ಗಿರಣಿಯಲ್ಲಿ ದುಡಿಯುವವನು. ಸಂಬಂಧ ಹುಡುಕುವ ಯಮನೂರಪ್ಪ ಅಲ್ಲಿ ಚಹಾ ಕುಡಿಯಲು ಬರುತ್ತಿದ್ದ.

"ಮುಂಡರಗಿಯವ್ರ ಮನಸ್ಸು ಮತ್ತ ಹೊಳ್ಳೇತಂತ," ಅಂದ ಹೊಳೆಯಪ್ಪ ರೊಟ್ಟಿ ಮುರಿಯುತ್ತ. "ಬರೂ ಐತ್ವಾರ ಅಂತೂರ ಬೆಂತೂರಕ್ಕ ಮನಿ ನೋಡಾಕ ಹೊಂಟಾರಂತ. ನೀ ಅತ್ತು ಬಂದ ಮನಿಗೇ."

ಕಳಕವ್ವನ ಕೈಯ ತುತ್ತು ತಟ್ಟೆಗೆ ಬಿತ್ತು.

"ಯಾಕ ಮಗಳ?"

"ಅಪ್ಪಾ... ಆ ಮನಿ ನಾ ಮೊದಲ ನೋಡೇನಿ."

ಹೊಳೆಯಪ್ಪ ಮಗಳ ಮುಖ ನೋಡಿದ. ತಾಯಿ ಸತ್ತ ಮೇಲೆ ಅವಳು ಏನನ್ನೂ ಬೇಕು ಅಂದವಳಲ್ಲ. "ಪುಸ್ತಕದ ಮನ್ಯಾಗ ಬಾಳೇವು ಮಾಡಾಕ ಹೋಗ್ತಿಯೇನ, ಹುಚ್ಚಿ?"

"ಇಲ್ಲಪ್ಪಾ. ಪುಸ್ತಕದಾಗ ಇರಲಾರದಾಂವ ಒಬ್ಬ ಅದಾನ ಅಲ್ಲೆ."

ಅಪ್ಪ ಎದ್ದು ಕೈ ತೊಳೆದ. "ಐತ್ವಾರ ಮುಂಜಾನಿ ಮೊದಲನೇ ಬಸ್ಸು ಎಷ್ಟಕ್ಕೈತಿ ಕೇಳು. ಮುಂಡರಗಿಯವ್ರಿಗಿಂತ ಜಲ್ದಿ ಹೋಗಬೇಕು."

ಭಾನುವಾರ ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. 'ನಿಮ್ಮ ಪುಸ್ತಕ ತಗೊಂಡು ನಡೀರಿ ಅಂದ್ರ? ಅವಗ ಮುಂಡರಗಿ ಹುಡುಗಿ ಒಪ್ಪಿಗಿ ಆಗಿದ್ರ...?' ವಿಮಲಾಬಾಯಿ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡೇ ಬಂದರು. "ಈ ಸಲ ನಾ ಮುಂದ ನಡೀತೀನಿ. ಮುಳ್ಳ ನಟ್ರೂ ನಿಲ್ಲೂದಿಲ್ಲ," ಅಂದರು.

ಆದರೂ ಓಣಿ ತಿರುಗಿದಾಗ ಎಲ್ಲರಿಗಿಂತ ಮುಂದೆ ಇದ್ದವಳು ಕಳಕವ್ವನೇ.

ಸಕ್ರಪ್ಪ ಬಾಗಿಲಲ್ಲಿ ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದ. ಅವಳನ್ನು ನೋಡಿ ನೆಟ್ಟಗಾದ. ಕಟ್ಟೆಯ ಮೇಲೆ ಕುಳಿತ ಓಣಿಯ ಮಂದಿಯೆಲ್ಲ ಇತ್ತ ತಿರುಗಿದರು.

"ಯಾರ್... ಯಾರ್ ಬೇಕಾಗಿತ್ತು?"

ಕಳಕವ್ವ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. "ಮನಿ ನೋಡಾಕ ಬಂದೀವ್ರಿ."

"ಮನಿ ಒಮ್ಮೆ ನೋಡೀರಲ್ಲ?"

"ಅವತ್ತ ಪುಸ್ತಕದ ಮನಿ ನೋಡಾಕ ಬಂದಿದ್ದೆ. ಹಿಂದ ನಮ್ಮಪ್ಪ ಬಂದಾನ ನೋಡ್ರಿ. ಅಂವ ಪುಸ್ತಕ ಓದಿಲ್ಲ."

ಹೊಳೆಯಪ್ಪ ರುಮಾಲು ಸರಿಮಾಡಿಕೊಂಡು ಕೆಮ್ಮಿದ. "ಮುಂಡರಗಿಯವ್ರು ಬಂದಾರೇನು?"

"ಬರೂದಿಲ್ರಿ," ಅಂದ ಸಕ್ರಪ್ಪ, ಕಣ್ಣು ಅವಳ ಮೇಲಿಂದ ತೆಗೆಯದೆ. "ಬ್ಯಾಡ ಅಂತ ನಿನ್ನೇನ ಹೇಳಿ ಕಳಿಸೇನಿ."

ಒಳಗಿನಿಂದ ಮುದುಕವ್ವನ ದನಿ ಬಂತು. "ಯಾಕ ಬ್ಯಾಡ ಅಂದಿ ಅಂತ ರಾತ್ರಿಯಿಂದ ಕೇಳಾಕ ಹತ್ತೇನಿ, ಕಲ್ಲಿನಂಗ ಕುಂತಿದ್ದ. ಈಗ ತಿಳೀತು ಬಿಡು. ಬರ್ರಿ ಬೀಗರ, ಬರ್ರಿ ಒಳಗ. ನಿನ್ನ ಬಾಯಾಗ ಸಕ್ಕರಿ ಹಾಕ ಸಕ್ರಾ, ದಾರಿ ಬಿಟ್ಟು ನಿಲ್ಲು."

ಹಿರಿಯರು ಪಡಸಾಲೆಯಲ್ಲಿ ಕುಳಿತರು. ಹೊಳೆಯಪ್ಪ ನೆಲದೊಳಗಿನ ಹಗೇವಿನಲ್ಲಿ ಜೋಳ ಎಷ್ಟಿದೆ ಅಂತ ಕೇಳತೊಡಗಿದ. ಬಾವಿ ಎಲ್ಲಿದೆ ಅಂತ ಅವನು ಕೇಳಲಿಲ್ಲ.

ಕೇಳಿದವಳು ಕಳಕವ್ವ.

"ಕುಡಿಯಾಕ ನೀರ ಬೇಕ್ರಿ. ಬಾವಿ ಎಲ್ಲೈತಿ?"

ಹಿತ್ತಲಲ್ಲಿ ಬೇವಿನ ನೆರಳು. ಸಾದಾ ಕಲ್ಲಿನ ಕಟ್ಟೆ, ಹಗ್ಗ ಎಳೆದು ಸವೆದ ಗಡಗಡಿ. ಇದನ್ನೇ ನೆನೆದು ಅಷ್ಟೊಂದು ಅತ್ತಿದ್ದಳೇ? ಸಕ್ರಪ್ಪ ತಾಮ್ರದ ಕೊಡ ಇಳಿಬಿಟ್ಟ. ಬದಿಗೆ ತಗ್ಗು ಬಿದ್ದ ಹಳೆಯ ಕೊಡ. ಅದು ಯಾವ ಕೊಡ ಅಂತ ಅವಳು ಕೇಳಬೇಕಾಗಿರಲಿಲ್ಲ.

ತುಂಬಿದ ಕೊಡ ಮೇಲೆ ಬರುವಾಗ ಅವಳೂ ಬಂದು ಹಗ್ಗಕ್ಕೆ ಕೈ ಹಾಕಿದಳು. ಅವನ ಕೈಯ ಕೆಳಗೆ ಅವಳ ಕೈ.

"ಪುಸ್ತಕ ಇಲ್ಲಾಂದ್ರ ನಾ ಬರ್ತಿರಲಿಲ್ಲ," ಅಂದಳು ಮೆಲ್ಲಗೆ. "ಅದು ಖರೆ. ಆದ್ರ ಪುಸ್ತಕಕ್ಕ ಅಂತ ನಾ ಇರಾಕ ಬಂದಿಲ್ರಿ. ಅವತ್ತ ಅರ್ಧಾ ಹೇಳಿದ್ದೆ."

"ಪೂರಾ ಕೇಳಾಕ ನಾನೂ ನಿಲ್ಲಲಿಲ್ಲ. ಅಜ್ಜಿ ಸಿಟ್ಟು ನನಗ ಬಂದೈತಿ, ಆಕಿ ಸಕ್ಕರಿ ಬಂದಿಲ್ಲ."

"ಬರ್ತೈತಿ ಬಿಡ್ರಿ. ಕಲಿಸ್ತೀನಿ."

"ಕೈಗೆ ಹತ್ತೀತು ಅಕ್ಕೋರ, ಹಗ್ಗ ಒರಟ ಐತಿ. ಬಿಡ್ರಿ, ನಾ ಜಗ್ತೀನಿ."

"ಅಕ್ಕೋರು ಸಾಲ್ಯಾಗ ಇರ್ತಾರ. ನನ್ನ ಹೆಸರು ಕಳಕವ್ವ."

ಅವನು ನಕ್ಕ. ಕೊಡ ಕಟ್ಟೆಗೆ ಬಂತು, ನೀರು ಇಬ್ಬರ ಕಾಲ ಮೇಲೂ ತುಳುಕಿತು.

"ಬಂತಲ್ಲ ಕೊಡ. ಈಗಾದ್ರೂ ಹಗ್ಗ ಬಿಡು ಕಳಕಾ."

"ಈ ಮನಿ ಹೆಣ್ಣಮಕ್ಕಳು ಹಗ್ಗ ಬಿಡೂದಿಲ್ಲಂತ," ಅಂದಳು ಅವಳು. "ನಿಮ್ಮವ್ವ ಹೇಳ್ಯಾಳ."